ಸುಲಿದ ತತ್ತಿ

"ಇದರಾಗೇನದವ್ವಾ? ಬರೇ ಚೌಕ ಚೌಕ ಕಾಣಲಿಕತ್ತದ" ಎಂದು ಚಿತ್ತಾಪುರದ ಪರವಾನಗಿ ಕಚೇರಿಯಲ್ಲಿ ಸಾಹೇಬರು ಫೋನು ವಾಪಸು ಕೊಟ್ಟಿದ್ದರು. ಮಂಗಳವಾರ ಜಗದೇವಿ ಅದೇ ಫೋನನ್ನು ವಾಡಿಯ ಶೌಕತ ಅಲಿಯ ವಿಡಿಯೋ ಅಂಗಡಿಯಲ್ಲಿ ತೋರಿಸಿದಳು.

ಜಗದೇವಿ ವಾಡಿ ಪಕ್ಕದ ಹಳ್ಳಿಯ ಅಂಗನವಾಡಿ ಟೀಚರ್. ಅಂಗನವಾಡಿಯ ಕಿಟಕಿಯೆದುರು, ಮುನ್ನೂರು ಹೆಜ್ಜೆಯಾಚೆ, ಕಲ್ಲು ಪುಡಿ ಮಾಡುವ ಕ್ರಷರ್. ಫೋನಿನಲ್ಲಿ ಅವಳು ವಿಡಿಯೋ ತೆಗೆದದ್ದು ಅದನ್ನೇ. ಕಲ್ಲು ಅರೆಯುವಾಗ ನೀರು ಸಿಂಪಡಿಸಬೇಕೆಂಬುದು ಪರವಾನಗಿಯ ಷರತ್ತು. ಸರಕಾರಿ ಜೀಪು ಬಂದ ದಿನ ನೀರು. ಉಳಿದ ದಿನ ಧೂಳು. ಮೂವತ್ತೆಂಟು ಮಕ್ಕಳು ಕೆಮ್ಮುತ್ತಲೇ ಅ ಆ ಕಲಿಯುತ್ತಿದ್ದವು. ಪರವಾನಗಿ ನವೀಕರಣದ ವಿಚಾರಣೆ ಶುಕ್ರವಾರ. ಅಷ್ಟರಲ್ಲಿ ಸಾಕ್ಷಿ ಸಿಗದಿದ್ದರೆ ಇನ್ನೈದು ವರ್ಷ ಇದೇ ಧೂಳು.

"ಎಷ್ಟು ಝೂಮ್ ಮಾಡೀರಿ?" ಶೌಕತ ಕೇಳಿದ.

"ಮೂವತ್ತು. ಡಬ್ಬಿ ಮ್ಯಾಲ ಹಂಗೇ ಬರದಿತ್ತು."

"ಡಬ್ಬಿ ಮ್ಯಾಲ ಬರದಿದ್ದೆಲ್ಲಾ ಖರೇ ಇದ್ರ, ಆ ಎಣ್ಣಿ ಹಚ್ಚಿ ನನ್ನ ತಲ್ಯಾಗ ಇಷ್ಟೊತ್ತಿಗೆ ಕೂದಲ ಬರಬೇಕಿತ್ತು" ಎಂದು ಅವನು ಬೋಳು ತಲೆ ಸವರಿಕೊಂಡ. "ಇದು ಡಿಜಿಟಲ್ ಝೂಮ್ ರೀ. ಹತ್ರ ಹೋಗಂಗಿಲ್ಲ. ಸಿಕ್ಕಿದ್ದನ್ನೇ ಹಿಗ್ಗಸ್ತದ, ಮುಟಗಿ ಹಿಟ್ಟಿನಾಗ ತಾಟಿನಷ್ಟು ರೊಟ್ಟಿ ಬಡದಂಗ. ಹರೀದೇ ಇರ್ತದೇನು? ಆಪ್ಟಿಕಲ್ ಅಂದ್ರ ಒಳಗಿನ ಗಾಜೇ ಸರದು ಹತ್ರ ತರ್ತದ."

ಜಗದೇವಿ ಎರಡನ್ನೂ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು. ಶೌಕತ ತನ್ನ ಲಗ್ನದ ಕ್ಯಾಮರಾ ತೆಗೆದುಕೊಟ್ಟ. "ಶನಿವಾರತನ ಲಗ್ನ ಇಲ್ಲ. ಒಯ್ಯರಿ."

ಬುಧವಾರ ಸಂಜೆ ಅಂಗಡಿಯ ದೊಡ್ಡ ಟಿ.ವಿ.ಯಲ್ಲಿ ಇಬ್ಬರೂ ಅವಳು ತೆಗೆದು ತಂದ ವಿಡಿಯೋ ನೋಡಿದರು. ಕ್ರಷರ್ ಸ್ಪಷ್ಟವಾಗಿ ಕಂಡಿತು. ಆಮೇಲೆ ಮಕ್ಕಳು ಬಂದವು. ಒಂದೊಂದು ಮುಖವೂ ಬೆಣ್ಣೆ ಸವರಿದಂತೆ ಹೊಳೆಯುತ್ತಿತ್ತು.

"ನಮ್ಮ ಹುಡುಗ್ರ ಮಾರಿ ಮ್ಯಾಲಿನ ಧೂಳು ಎಲ್ಲಿ ಹೋತ್ರೀ?"

ಶೌಕತ ನಾಲಿಗೆ ಕಚ್ಚಿಕೊಂಡ. "ಸಾಫ್ಟ್ ಸ್ಕಿನ್ ಚಾಲೂ ಅದ. ಮಾರಿ ಮ್ಯಾಲಿನ ಕಲಿ, ಮೊಡವಿ ಎಲ್ಲಾ ಒರಸಿಬಿಡ್ತದ. ನಮ್ಮ ಧಂದೇದಾಗ ಇದನ್ನ ಯಾರೂ ಬಂದ್ ಮಾಡಂಗಿಲ್ಲ. ಒಮ್ಮಿ ಶಹಾಬಾದದಾಗ ಬಂದ್ ಮಾಡಿದ್ದೆ, ಮದುಮಗಳ ಅವ್ವ ನನಗ ಊಟಕ್ಕೇ ಕರೀಲಿಲ್ಲ."

ಜಗದೇವಿಗೆ ನಗು ಬರಲಿಲ್ಲ. ಧೂಳು ಹಾರಿಸುವವನು ಒಬ್ಬ, ಅದನ್ನು ಒರೆಸಿ ತೋರಿಸುವ ಯಂತ್ರ ಇನ್ನೊಂದು. "ಇದು ಇನ್ನೇನೇನು ಮುಚ್ಚತದ? ಒಂದೊಂದೇ ಹೇಳ್ರಿ."

"ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಜರ್. ಎರಡೂ ಆಟೋದಾಗ ಅದಾವ. ಬಣ್ಣ ಕೆಟ್ರ ಒಂದು ತಿದ್ದತದ, ಮಬ್ಬಾದ್ರ ಇನ್ನೊಂದು ಬೆಳಕು ಏರಸ್ತದ. ಬೆಳ್ಳನ ವಸ್ತು ಯಾವುದರೇ ತೋರಿಸಿ ಎರಡೂ ಲಾಕ್ ಮಾಡ್ರಿ. ಆಮ್ಯಾಲ ಬಿಳಿ ಮಾಸಿದ್ರ ಮಾಸಿದ್ದೇ ಕಾಣ್ತದ."

ಗುರುವಾರ ಅಂಗನವಾಡಿಯಲ್ಲಿ ಬೆಳ್ಳನೆಯ ವಸ್ತು ಸಿಗಲಿಲ್ಲ. ಗೋಡೆ ಬೂದಿ, ಹಾಳೆ ಬೂದಿ, ಸಹಾಯಕಿ ಮರೆಮ್ಮನ ಸೆರಗೂ ಬೂದಿ. ಅದು ಮಕ್ಕಳಿಗೆ ತತ್ತಿ ಕೊಡುವ ದಿನ. ಜಗದೇವಿ ಕುದಿಸಿದ ತತ್ತಿಯೊಂದನ್ನು ಸುಲಿಸಿ ಕಿಟಕಿಯ ಕಟ್ಟೆಯ ಮೇಲಿಡಿಸಿದಳು.

"ಹುಡುಗ್ರ ಪಾಲಿಂದು ಒಂದು ಕಮ್ಮಿ ಬೀಳ್ತದಲ್ರಿ ಟೀಚರ್?" ಮರೆಮ್ಮ ರಾಗ ತೆಗೆದಳು.

"ನಮ್ಮ ಮನಿಂದು ಒಂದು ತಂದು ಕೊಡ್ತೀನಿ. ಸುಮ್ಮನ ನಿಂದ್ರು."

ಸಾಫ್ಟ್ ಸ್ಕಿನ್ ಬಂದ್. ತತ್ತಿ ತೋರಿಸಿ ಎರಡೂ ಲಾಕ್. ಕ್ಯಾಮರಾ ನಿಲ್ಲಿಸದೆ ಕ್ರಷರಿನ ಕಡೆ ತಿರುಗಿಸಿ ಝೂಮಿನ ಗಾಜನ್ನು ಸರಿಸಿದಳು. ಯಂತ್ರ ಅರೆಯುತ್ತಿತ್ತು, ನೀರಿನ ಪೈಪು ಸುರುಳಿ ಸುತ್ತಿ ಒಣಗಿ ಬಿದ್ದಿತ್ತು. ಹತ್ತು ನಿಮಿಷದ ಮೇಲೆ ಕಿಟಕಿಗೆ ಮರಳಿದಾಗ ತತ್ತಿ ಬೆಳ್ಳಗಿರಲಿಲ್ಲ. ಅವಳು ಕ್ಯಾಮರಾವನ್ನು ಅಲ್ಲೇ ಹಿಡಿದಳು, ಇನ್ನೂ ಇಪ್ಪತ್ತು ನಿಮಿಷ. ಹಸಿ ಮೈಗೆ ಧೂಳು ಅಂಟುತ್ತಾ ಹೋಯಿತು. ಕೊನೆಗೆ ಅದು ನದಿಯಂಚಿನ ಗುಂಡುಕಲ್ಲಿನಂತಾಯಿತು.

ಶುಕ್ರವಾರ ಕಚೇರಿಯಲ್ಲಿ ಕ್ರಷರಿನ ಮ್ಯಾನೇಜರ್ ಲಕ್ಷ್ಮಿಕಾಂತ ಮೊದಲೇ ಕುಳಿತಿದ್ದ. ವಿಡಿಯೋ ನೋಡಿ ನಕ್ಕ. "ಲಗ್ನದ ಕ್ಯಾಮರಾ ಸಾಹೇಬ್ರ. ಬಣ್ಣ ಬದಲಿ ಮಾಡ್ಯಾರ."

"ಲಗ್ನದ ಬಣ್ಣೆಲ್ಲಾ ಬಂದ್ ಮಾಡೇ ತೆಗದೀನಿ" ಜಗದೇವಿ ಹಾಜರಿ ಪುಸ್ತಕದ ಹಿಂದಿನ ಹಾಳೆ ತೆರೆದಳು. "ವೈಟ್ ಬ್ಯಾಲೆನ್ಸ್ ಲಾಕ್. ಎಕ್ಸ್‌ಪೋಜರ್ ಲಾಕ್. ಝೂಮ್ ಗಾಜಿಂದು. ನಡುವ ಎಲ್ಲೂ ಕತ್ತರಿ ಇಲ್ಲ. ತತ್ತಿ ಬಾಜೂದ ಗ್ವಾಡಿ ನೋಡ್ರಿ, ಅದರ ಬಣ್ಣ ಬದಲಾಗೇದೇನು? ತತ್ತಿ ಒಂದೇ ಬದಲಾಗೇದ."

ಸಾಹೇಬರು ಗಡಿಯಾರ ನೋಡಿದರು. "ಅರ್ಧ ತಾಸು ಯಾರು ನೋಡ್ತಾರವ್ವಾ ಇದನ್ನ?"

"ನಮ್ಮ ಹುಡುಗ್ರು ದಿನಾ ನಾಕು ತಾಸು ಅಲ್ಲೇ ಕುಂದ್ರತಾವ್ರಿ."

ಸಾಹೇಬರು ಮತ್ತೆ ಗಡಿಯಾರ ನೋಡಲಿಲ್ಲ. ಪೂರ್ತಿ ನೋಡಿದ ಮೇಲೆ ನವೀಕರಣದ ಫೈಲನ್ನು ಸಹಿ ಮಾಡದೆ ಪಕ್ಕಕ್ಕಿಟ್ಟರು. "ಜಾಗಕ್ಕ ಬಂದು ನೋಡ್ತೀನಿ. ಅಲ್ಲೀತನ ಇದು ಇಲ್ಲೇ ಇರ್ತದ."

ಲಕ್ಷ್ಮಿಕಾಂತ ಕೂಡಲೇ ಕೇಳಿದ: "ಯಾವತ್ತು ಬರ್ತೀರಿ ಸಾಹೇಬ್ರ?"

"ಹೇಳಬ್ಯಾಡ್ರಿ" ಎಂದಳು ಜಗದೇವಿ. "ನನಗೂ ಹೇಳಬ್ಯಾಡ್ರಿ."