ಹದಿನೇಳನೇ ನಂಬರಿನ ಧಾಟಿ

"ಕದ್ದ ಮಾಲು ಅಂತ ಬರೆದಿದ್ದೀರಿ. ಎಲ್ಲಿಂದ ಕದ್ದಿದ್ದು ಅಂತಾನೂ ಬರೀಬೇಕಲ್ಲ ಮೇಡಂ," ಎಂದು ಪರೀಕ್ಷಾ ಕಚೇರಿಯ ಗುಮಾಸ್ತ ಹಾಳೆಯನ್ನು ವಾಪಸ್ಸು ತಳ್ಳಿದ.

ಸಂಗೀತ ಟೀಚರಿಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷದಿಂದ ಪ್ರವೇಶ ಪರೀಕ್ಷೆಗೆ ಬರುವ ಮಕ್ಕಳ ಸ್ವರ ಸಂಯೋಜನೆಗೆ ಅಂಕ ಹಾಕುತ್ತಿದ್ದವಳು. ಧ್ವನಿಮುದ್ರಣಕ್ಕೆ ಹೆಸರಿರುವುದಿಲ್ಲ, ಬರೀ ನಂಬರು. ಕೇಳುವುದು, 'ಸೃಜನಶೀಲತೆ' ಎಂಬ ಕಾಲಮ್ಮಿನಲ್ಲಿ ಇಪ್ಪತ್ತಕ್ಕೆ ಇಷ್ಟು ಎಂದು ಬರೆಯುವುದು. ಹದಿನೇಳನೇ ನಂಬರಿಗೆ ಎರಡು ಕೊಟ್ಟಿದ್ದಳು. ಕೊಳಲಿನಲ್ಲಿ ನುಡಿಸಿದ್ದ ಆ ಧಾಟಿ ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಅವಳಿಗೆ ಮೊದಲೇ ಗೊತ್ತಾಗುತ್ತಿತ್ತು. ಹೊಸದಾದರೆ ಹಾಗೆ ಗೊತ್ತಾಗುತ್ತದೆಯೇ? ಇನ್ನೊಬ್ಬ ಪರೀಕ್ಷಕರಾದ ಪಿಟೀಲು ಮೇಷ್ಟ್ರು ಅದಕ್ಕೇ ಹತ್ತೊಂಬತ್ತು ಕೊಟ್ಟು ಕೂತಿದ್ದರು. ನಾಲ್ಕು ಗಂಟೆಯೊಳಗೆ ಮೂಲ ತೋರಿಸದಿದ್ದರೆ ಅವಳು ಕೊಟ್ಟ ಅಂಕ ಬಿದ್ದುಹೋಗುತ್ತದೆ. ತೋರಿಸಿದರೆ ಆ ವಿದ್ಯಾರ್ಥಿ ಸಂಗೀತ ಕಾಲೇಜಿನ ಆಸೆ ಬಿಟ್ಟಂತೆಯೇ.

ತೋರಿಸಿಯೇ ತೀರುತ್ತೇನೆ ಎಂದು ಹಟ ಹಿಡಿದಳು. ಗ್ರಂಥಾಲಯದ ಹಳೆಯ ಧ್ವನಿಮುದ್ರಿಕೆಗಳನ್ನೆಲ್ಲ ಜಾಲಾಡಿದಳು. ಕಾವಲುಗಾರನ ಮುಂದೆ ಗುನುಗಿದಳು. ಯಾವುದೋ ಸೋಪಿನ ಜಾಹೀರಾತಿರಬೇಕು ಎಂದ. ಬಸ್ಸಿನಲ್ಲಿ ಗುನುಗಿದಾಗ ಪಕ್ಕದಾಕೆ ಎದ್ದು ಬೇರೆ ಸೀಟಿಗೆ ಹೋದಳು. ತುದಿನಾಲಿಗೆಯಲ್ಲೇ ಇದೆ, ಹಾಳಾದ್ದು ಬಾಯಿಗೆ ಬರುತ್ತಿಲ್ಲ.

ಊಟಕ್ಕೆ ಮನೆಗೆ ಬಂದವಳು ಅಡುಗೆಮನೆಯಲ್ಲೂ ಅದನ್ನೇ ಗುನುಗುತ್ತಿದ್ದಳು. ಉಣ್ಣುತ್ತಿದ್ದ ಮಗಳ ಕೈ ನಿಂತಿತು.

"ಅಮ್ಮಾ, ಅದು ನಿಂಗೆ ಹೇಗೆ ಗೊತ್ತು?"

"ಯಾಕೆ, ನೀನೆಲ್ಲಿ ಕೇಳಿದ್ದೆ?"

"ನಾನೇ ಕಟ್ಟಿದ್ದು. ಗೆಳತಿ ಕೊಳಲಲ್ಲಿ ನುಡಿಸಿದ್ಲು, ಅದನ್ನೇ ಪರೀಕ್ಷೆಗೆ ಕಳ್ಸಿದೀನಿ. ನಿಂಗೆ ಹೇಳಿದ್ರೆ ಬೇಡ ಅಂತಿದ್ದೆ."

ಅನ್ನುತ್ತಿದ್ದಳು, ಅದರಲ್ಲಿ ಸುಳ್ಳೇನಿಲ್ಲ. ನಿನಗೆ ಸ್ವರಜ್ಞಾನ ಅಷ್ಟಕ್ಕಷ್ಟೆ, ಸುಮ್ಮನೆ ಲ್ಯಾಬ್ ಕೋರ್ಸು ಮುಗಿಸು ಎಂದು ಎಷ್ಟು ಸಲ ಹೇಳಿದ್ದಳೋ. ಆರು ತಿಂಗಳು ಪಕ್ಕದ ಕೋಣೆಯಿಂದ ಅದೇ ಗುನುಗು ಬರುತ್ತಿದ್ದಾಗ, ತಲೆ ತಿನ್ನಬೇಡ, ಕೆಲಸವಿದೆ ಎಂದು ಗೋಡೆ ಗುದ್ದಿದ್ದಳು. ಈಗ ಇಂಥ ಮಗಳಿಗೆ ಎರಡು ಅಂಕ ಕೊಟ್ಟೆನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು.

ಸುಮ್ಮನಿದ್ದುಬಿಡಬಹುದಿತ್ತು. ಮೂಲ ಸಿಗಲಿಲ್ಲ ಎಂದರೆ ಮೇಷ್ಟ್ರ ಹತ್ತೊಂಬತ್ತು ನಿಲ್ಲುತ್ತಿತ್ತು, ಮಗಳಿಗೆ ಸೀಟೂ ಸಿಗುತ್ತಿತ್ತು. ಆದರೆ ಮನೆಯವರಿಗೆ ಮನೆಯವರೇ ಅಂಕ ಹಾಕಿದ್ದರೆ ಆ ವರ್ಷದ ಪರೀಕ್ಷೆ ರದ್ದು ಎಂಬುದು ನಿಯಮ. ಮುಚ್ಚಿಟ್ಟದ್ದು ಮುಂದೆ ಹೊರಬಿದ್ದರೆ ಮಗಳನ್ನು ಕಾಯಮ್ಮಾಗಿ ಹೊರಗಿಡುತ್ತಾರೆ. ಇದನ್ನೆಲ್ಲ ಮಗಳಿಗೆ ಹೇಳಿದಳು, ಎರಡು ಅಂಕದ ವಿಷಯವನ್ನೂ ಹೇಳಿದಳು. ಅಂಕದ ಹಾಳೆಯಲ್ಲಿ 'ಕದ್ದ ಮಾಲು' ಎಂದು ಬರೆದದ್ದನ್ನು ಮಾತ್ರ ಹೇಳಲು ನಾಲಿಗೆ ಏಳಲಿಲ್ಲ.

ಮಗಳು ಉಳಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದಳು. "ಫೋನ್ ಮಾಡಮ್ಮ. ಮುಂದಿನ ವರ್ಷ ಮತ್ತೆ ಕಳಿಸ್ತೀನಿ."

ಕೈ ಒದ್ದೆಯಾಗಿತ್ತೆಂದು ತಾಯಿ ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟು ಪರೀಕ್ಷಾ ಕಚೇರಿಗೆ ವಿಷಯ ತಿಳಿಸಿದಳು. ಗುಮಾಸ್ತ ಎಲ್ಲ ಬರೆದುಕೊಂಡ.

"ರದ್ದು ಮಾಡ್ತೀನಿ ಮೇಡಂ. ಮತ್ತೆ ಆ ಕದ್ದ ಮಾಲು ಅಂತ ಬರೆದಿರೋದು? ಅದು ಹಾಗೇ ಇರ್ಲಾ?"

ಮಗಳು ತಲೆಯೆತ್ತಿದಳು.

"ಹೊಡೆದುಹಾಕಿ," ಎಂದಳು ತಾಯಿ. "ಅದು ಅವಳದೇ."

ಮಗಳು ತಟ್ಟೆಯನ್ನು ಸಿಂಕಿಗೆ ಹಾಕಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಅವಳು ಗುನುಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ತಾಯಿ ಒದ್ದೆ ಕೈಯಲ್ಲೇ ಅವಳ ಬೆನ್ನ ಹಿಂದೆ ನಿಂತು ಕಿವಿಗೊಟ್ಟಳು.