ಕಳ್ಳ ಉಸಿರು

"ಮಾಮೂ, ಹಳ್ಳ! ಹಳ್ಳ!"

ನಯಾಜ್ ಅಹಮದ್ ಬ್ರೇಕ್ ಒತ್ತುವಷ್ಟರಲ್ಲಿ ಓಮ್ನಿ ಹಳ್ಳಕ್ಕೆ ಇಳಿದು ಎದ್ದಾಗಿತ್ತು. ಹಿಂದಿನ ಸೀಟಿನಲ್ಲಿ ಜೈಬಾ ತೊಡೆಯ ಮೇಲಿದ್ದ ಸಿಪಿಯುವನ್ನು ಎದೆಗೆ ಅವಚಿಕೊಂಡಳು. ದಿಂಬು, ದುಪ್ಪಟ್ಟಾ, ಹಳೇ ಕಂಬಳಿ, ಎಲ್ಲ ಸುತ್ತಿದ್ದರೂ ಒಳಗೆ ಏನೋ ಲಟಕ್ಕೆಂದಿತು. ಮಾನಿಟರು ಉರುಳದಂತೆ ಮೊಣಕೈ ಅಡ್ಡ ಕೊಟ್ಟಿದ್ದಳು. ಕಾಲ ಸಂದಿಯಲ್ಲಿ ಕೀಬೋರ್ಡು.

"ನಿಧಾನ ಮಾಮೂ! ತಾತನ ಹಾಡು ಇರೋದು ಇದ್ರಲ್ಲೇ."

"ಮಲ್ಲಸಂದ್ರದವರ್ಗೂ ಬೇಗ ಬೇಗ ಅಂದೆ. ಈಗ ನಿಧಾನ ಅಂತೀಯ. ಒಂದು ಹೇಳೇ!"

"ಬೇಗ, ಆದ್ರೆ ನಿಧಾನ!"

ಬೆಳಿಗ್ಗೆ ಗುಬ್ಬಿಯಿಂದ ಫೋನ್ ಬಂದಿತ್ತು. ನಾದಸ್ವರದ ಓಬಳಯ್ಯ ತಾತ ಹೋಗಿಬಿಟ್ಟರು. ಫೋನಿನಲ್ಲಿ ಮಾತಾಡಿದ್ದು ಹೆಂಡತಿ ಮಂಜುಳಮ್ಮ. ಅಳಲಿಲ್ಲ. "ಇವತ್ತು ದೊಡ್ಡ ಲಗ್ನ ಕಣಮ್ಮ. ವಾಲಗದೋರೆಲ್ಲ ಛತ್ರ ಸೇರ್ಕೊಂಡವ್ರೆ. ವಾಲಗದೋನ ಹೆಣ ವಾಲಗ ಇಲ್ದೆ ಹೋಗಬಾರ್ದು. ನಿಮ್ಮ ಸ್ಟುಡಿಯೋದಲ್ಲಿ ನುಡಿಸ್ತೀನಿ ನುಡಿಸ್ತೀನಿ ಅಂತ ನಾಕು ವರ್ಷದಿಂದ ಬತ್ತಿದ್ರಲ್ಲ, ಅವ್ರು ನುಡಿಸಿದ್ದು ಏನಾರ ಇದ್ರೆ ತಗೊಂಬಾ."

ಸಿ.ಡಿ. ಮಾಡಿಕೊಂಡು ಹೋಗೋಣವೆಂದರೆ ಸ್ಟುಡಿಯೋ ಇರುವ ಸದಾಶಿವನಗರದಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟಿಲ್ಲ. ಸಂಜೆಯವರೆಗೂ ಬರುವುದಿಲ್ಲವಂತೆ. ಸರಿ, ಕಂಪ್ಯೂಟರನ್ನೇ ಹೊತ್ತುಕೊಂಡು ಹೋಗೋಣ ಎಂದು ಜೈಬಾ ವೈರು ಕೀಳತೊಡಗಿದ್ದಳು. ಅಳು ಬರಬೇಕಿತ್ತು. ಅಳುವಿನ ಜಾಗದಲ್ಲಿ ಎದೆಯೊಳಗೆ ಡೋಲು ಹೊಡೆಯುತ್ತಿತ್ತು. ತಾತ ನುಡಿಸುತ್ತಿದ್ದುದು ನಿಜವೋ ಸುಳ್ಳೋ, ಇವತ್ತು ಆ ಮನೆಯವರೇ ಕೇಳಿ ಹೇಳಲಿ!

*

ನಾಲ್ಕು ವರ್ಷದ ಹಿಂದೆ ಓಬಳಯ್ಯ ಮಾಮೂನ ರೆಕಾರ್ಡಿಂಗ್ ಸ್ಟುಡಿಯೋದ ಮೆಟ್ಟಿಲು ಹತ್ತಿದ್ದು ನಿಜವಾಗಿಯೂ ನುಡಿಸಲಿಕ್ಕೆ. ದೇವರ ಹಾಡಿಗೆ ಎರಡು ಸಾಲು ನಾದಸ್ವರ. ಎಂಟು ಸಲ ವಾದ್ಯ ಬಾಯಿಗಿಟ್ಟರು. ಎಂಟು ಸಲವೂ ಅರ್ಧಕ್ಕೆ ಕೆಮ್ಮು. ಉಬ್ಬಸ ಎದೆಯನ್ನು ತಿಂದು ಹಾಕಿತ್ತು. "ತಪ್ಪಾಯ್ತು ಸಾಹೇಬ್ರೆ" ಎಂದು ವಾದ್ಯವನ್ನು ಚೀಲಕ್ಕೆ ಸೇರಿಸಿ ಇಳಿದು ಹೋದರು.

ಮಾಮೂ ಗೊಣಗುತ್ತ, ಕಂಪ್ಯೂಟರಿನಲ್ಲೇ ಇರುವ ನಾದಸ್ವರ ಹಾಕು ಎಂದ. ಜೈಬಾ ಸಾಫ್ಟ್‌ವೇರ್ ತೆರೆದು ಅದೇ ಎರಡು ಸಾಲನ್ನು ಕೀಬೋರ್ಡಿನಲ್ಲಿ ಬಾರಿಸಿದಳು. ಮುಗಿಯುವ ಮೊದಲೇ ಮೆಟ್ಟಿಲ ಮೇಲೆ ದಡದಡ ಸದ್ದು.

"ಯಾರ್ಲಾ ಅದು ನುಡಿಸ್ತಿರೋನು? ಎಲ್ಲವ್ನೆ?" ಓಬಳಯ್ಯ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದರು.

"ನಾನೇ ತಾತ. ಕಂಪ್ಯೂಟರಲ್ಲಿ."

"ಸ್ವರ ಸರ್ಯಾಗೇ ಐತೆ. ಆದ್ರೆ ಇವ್ನು ಉಸಿರೇ ತಗೊಳ್ಳಾಕಿಲ್ವಲ್ಲಮ್ಮ! ಹಿಂಗೆ ಒಂದೇ ಸಮ ಊದಿದ್ರೆ ಸತ್ತೋಯ್ತಾನೆ!"

ಜೈಬಾ ನಗುತ್ತ ಕೀಬೋರ್ಡಿನ ಎಡಗಡೆಯ ಜಾರುಗುಂಡಿ ತೋರಿಸಿದಳು. ಮೇಲೆ ತಳ್ಳಿದರೆ ಆ ವಾದ್ಯದ ವಾಲ್ಯೂಮ್ ಏರುತ್ತದೆ, ಕೆಳಗೆ ಎಳೆದರೆ ಇಳಿಯುತ್ತದೆ. ತಳ್ಳಿದಂತೆಲ್ಲ ಪರದೆಯ ಮೇಲೆ ಗೆರೆ ಮೂಡುತ್ತದೆ. ಮತ್ತೆ ಹಾಕಿದಾಗ ಆ ಗೆರೆಯ ದಾರಿಯಲ್ಲೇ ದನಿ ಏರಿ ಇಳಿಯುತ್ತದೆ, ಯಾರೂ ಮುಟ್ಟಬೇಕಾಗಿಲ್ಲ.

ಓಬಳಯ್ಯ ಗುಂಡಿಯ ಮೇಲೆ ಬೆರಳಿಟ್ಟರು. ಜೈಬಾ ಅದೇ ಸಾಲನ್ನು ಮತ್ತೆ ಹಾಕಿದಳು. ಅವರು ಕಣ್ಣು ಮುಚ್ಚಿದರು. ಕೆನ್ನೆ ಉಬ್ಬಿತು. ಬೆರಳು ಕೂದಲೆಳೆಯಷ್ಟು ಸರಿಯಿತು, ನಿಂತಿತು, ಮತ್ತೆ ಸರಿಯಿತು. ಅಲ್ಲಿಯವರೆಗೆ ಬಸ್ಸಿನ ಹಾರ್ನಿನಂತಿದ್ದದ್ದು ಎದೆ ತುಂಬಿಕೊಂಡು ಎದ್ದಿತು! ಮಾಮೂ ಕೈಯಲ್ಲಿದ್ದ ಚಹಾ ಮರೆತ. ಸಾಲಿನ ತುದಿಯಲ್ಲಿ ಮುದುಕ ಚಾಪೆಯ ಮೇಲೆ ಒಂದು ಸುತ್ತು ಕುಣಿದೇಬಿಟ್ಟರು.

"ಬೆರಳು ನಿಂದು, ಉಸಿರು ನಂದು! ಮೇಲಿನ ಸ್ವರಕ್ಕೆ ಹೋಗೋ ಮುಂಚೆ ಒಂದು ಕಳ್ಳ ಉಸಿರು ತಗೊಂಡೆ, ಗೊತ್ತಾಯ್ತಾ ಜೈಬಮ್ಮ?"

"ಇಲ್ಲ ತಾತ."

"ಗೊತ್ತಾಗಬಾರ್ದು! ನಮ್ಮನೆಯವ್ಳು ಒಬ್ಳಿಗೇ ಅದು ಗೊತ್ತಾಗೋದು."

ಅಂದಿನಿಂದ ಮಂಗಳವಾರ, ಶುಕ್ರವಾರ ಗುಬ್ಬಿಯಿಂದ ಬಸ್ಸು ಹತ್ತಿ ಬರುತ್ತಿದ್ದರು. ಮಗ ಲಕ್ಷ್ಮೀಕಾಂತ್, ಅವನೂ ನಾದಸ್ವರದವನೇ, ಒಮ್ಮೆ ಹಿಂದೆಯೇ ಬಂದು ನೋಡಿದ. ಒಳಗೆ ಬರಲಿಲ್ಲ. "ಇದಾ ನುಡಿಸೋದು? ವಾಲ್ಯೂಮ್ ತಿರುವೋ ಕೆಲ್ಸಾನಾ? ಥೂ" ಎಂದು ಬಾಗಿಲಿನಿಂದಲೇ ಹೋದ. ಆಮೇಲೆ ಅಪ್ಪ ಮಗ ಒಟ್ಟಿಗೆ ಉಣ್ಣಲಿಲ್ಲವಂತೆ. ಮಂಜುಳಮ್ಮ ಇಬ್ಬರನ್ನೂ ಏನೂ ಕೇಳಲಿಲ್ಲವಂತೆ.

*

ಗುಬ್ಬಿಯ ಓಣಿಯಲ್ಲಿ ಶಾಮಿಯಾನ ಎದ್ದಿತ್ತು. ಓಬಳಯ್ಯನವರನ್ನು ಜಗುಲಿಯ ಮೇಲೆ ಮಲಗಿಸಿದ್ದರು. ಸೌಂಡ್ ಸರ್ವಿಸ್‌ನ ನರಸಯ್ಯ ಜನರೇಟರಿನ ಹಗ್ಗ ಎಳೆಯುತ್ತಿದ್ದ. ಹಳೆಯ ಡೋಲಿನ ಜೊತೆಗಾರ ಮಹಾದೇವಯ್ಯ ಬೀಡಿ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ.

"ತಿಪಟೂರಿಂದ ಶಿರಾದವರ್ಗೂ ಫೋನ್ ಹೊಡ್ಸಿದೆ. ಒಬ್ಬ ಸಿಗಲಿಲ್ಲ. ಎಂಥಾ ದಿನ ನೋಡ್ಕೊಂಡು ಸತ್ತ ಬಡ್ಡಿಮಗ!"

"ಮಗ ಎಲ್ಲಿ?" ನಯಾಜ್ ಮೆಲ್ಲಗೆ ಕೇಳಿದ.

"ಅಮೃತೂರಲ್ಲಿ, ಮದುವೆ ಮನೇಲಿ" ಎಂದಳು ಮಂಜುಳಮ್ಮ. "ತಾಳಿ ಕಟ್ಟೋವರ್ಗೂ ಅವ್ನಿಗೆ ಸುದ್ದಿ ಮುಟ್ಟಿಸಬ್ಯಾಡಿ ಅಂದಿದ್ದೆ. ಸೂತಕ ಅಂತ ಗೊತ್ತಾದ್ರೆ ವಾದ್ಯ ಕೆಳಗಿಟ್ಟುಬುಡ್ತಾನೆ. ಆ ಹೆಣ್ಣಿನ ಮದುವೆ ಏನಾಗಬೇಕು? ಈಗ ಹೊರಟವ್ನಂತೆ."

ಜೈಬಾ ವೈರು ಜೋಡಿಸಿದಳು. ಕಂಪ್ಯೂಟರ್ ಹೊತ್ತಿಕೊಂಡಿತು! ಮಾನಿಟರಿನ ಸುತ್ತ ಜನ ಮುತ್ತಿಕೊಂಡರು.

"ಇದ್ರೊಳಗೆ ಓಬಳಯ್ಯ ನುಡ್ಸವ್ನಾ?" ಮಹಾದೇವಯ್ಯ ಕೇಳಿದ. "ಟೀವಿ ರಿಪೇರಿಗೆ ಬಂದಂಗದೆ."

ಜೈಬಾ ಹಾಡು ಬಿಟ್ಟಳು. ಶ್ರುತಿ ಬಂತು. ಡೋಲು ಬಂತು. ನಾದಸ್ವರ ಬರಲಿಲ್ಲ.

"ವಾಲಗ ಎಲ್ಲಮ್ಮ?"

"ಬಾಯಿಗೆ ನೀರು ತಗೋತಾವ್ನೇನೋ ಬುಡು!" ಯಾರೋ ನಕ್ಕರು.

ಜೈಬಾ ಹಾಡು ನಿಲ್ಲಿಸಿ ವೈರು ಅಲ್ಲಾಡಿಸಿದಳು. ನರಸಯ್ಯ ಆಂಪ್ಲಿಫಯರಿನ ಗುಂಡಿ ತಿರುವಿದ. ಮತ್ತೆ ಹಾಕಿದಳು. ಬರೀ ಡೋಲು, ಇನ್ನೂ ಜೋರಾಗಿ. ಮಂಜುಳಮ್ಮ ಮಾತ್ರ ನಗಲಿಲ್ಲ, ತಲೆ ತಗ್ಗಿಸಿದಳು. ಅದನ್ನು ನೋಡಲಾಗದೆ ಜೈಬಾ ಪರದೆಗೆ ಕಣ್ಣು ಹೊರಳಿಸಿದಳು. ಮೊದಲ ಸಾಲಿನ ಕೆಳಗೆ ವಾಲ್ಯೂಮಿನ ಗೆರೆಯೇ ಇರಲಿಲ್ಲ. ಪರದೆಯಲ್ಲಿ ಕಾಣುವ ಜಾರುಗುಂಡಿಯೂ ಸೊನ್ನೆಯಲ್ಲಿ ಮಲಗಿತ್ತು.

ನಿನ್ನೆ! ನಿನ್ನೆ ಮಧ್ಯಾಹ್ನ!

ತಾತ ಮೊದಲ ಸಾಲನ್ನು ಯಾವಾಗಲೂ ಕೊನೆಗೆ ಉಳಿಸಿಕೊಳ್ಳುತ್ತಿದ್ದರು. "ಎಲ್ಲಿಗೆ ಹೋಗಬೇಕು ಅಂತ ಗೊತ್ತಾದ್ಮೇಲೆ ತಾನೆ ಬಸ್ ಹತ್ತೋದು" ಎನ್ನುತ್ತಿದ್ದರು. ನಿನ್ನೆ ಎರಡನೇ ಸಾಲಿನಿಂದ ತುದಿಯವರೆಗೆ ಉಸಿರು ಕೊಟ್ಟು, "ವಾದ್ಯ ಕೆಳಗಿಟ್ಟೆ" ಎಂದು ಗುಂಡಿಯನ್ನು ಸೊನ್ನೆಗೆ ಎಳೆದಿದ್ದರು. ಆಮೇಲೆ ಎದೆ ಹಿಡಿದುಕೊಂಡು, "ಮೊದಲನೇ ಸಾಲು ಬರೋ ಸಲಕ್ಕೆ ಜೈಬಮ್ಮ. ಇವತ್ತಿಗೆ ಉಸಿರು ಮುಗೀತು" ಎಂದಿದ್ದರು. ಹೊಸದು ಕೊಡುವವರೆಗೆ ಯಂತ್ರ ಹಳೆಯ ವಾಲ್ಯೂಮನ್ನೇ ಹಿಡಿದುಕೊಂಡಿರುತ್ತದೆ. ಕೆಳಗಿಟ್ಟ ವಾದ್ಯ ಕೆಳಗೇ ಇತ್ತು.

"ಮೊದಲನೇ ಸಾಲು ಅವ್ರು ಮಾಡಿಲ್ಲ. ಅದನ್ನ ನಾನು ಕೊಡ್ತೀನಿ" ಎಂದಳು ಜೈಬಾ. "ಎರಡನೇದ್ರಿಂದ ತಾತಂದು."

ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡಳು. ಗುಂಡಿಗೆ ಬೆರಳಿಟ್ಟಳು. ಕಣ್ಣು ಮುಚ್ಚಿ, ನಾಚಿಕೆ ಬಿಟ್ಟು, ಕೆನ್ನೆ ಉಬ್ಬಿಸಿದಳು. ಶ್ರುತಿ. ಡೋಲು. ಗುಂಡಿಯನ್ನು ಮೆಲ್ಲಗೆ ಮೇಲಕ್ಕೆ ತಳ್ಳಿದಳು.

ನಾದಸ್ವರ ಬಂತು! ಮಹಾದೇವಯ್ಯನ ಬೀಡಿ ಕೈಯಲ್ಲೇ ಉಳಿಯಿತು. ಅವಳ ಉಸಿರು ಒಂದು ಕಡೆ ಎಡವಿತು, ಸಾವರಿಸಿಕೊಂಡಿತು, ಎದೆ ಒಡೆಯುವಂತಾದರೂ ಸಾಲಿನ ತುದಿ ಮುಟ್ಟಿತು.

ಮಂಜುಳಮ್ಮ ತಲೆ ಅಲ್ಲಾಡಿಸಿದಳು. "ಇದು ಅವ್ರದಲ್ಲ."

ಜೈಬಾ ಗುಂಡಿಯಿಂದ ಕೈ ತೆಗೆದು ಎರಡೂ ಕೈಗಳನ್ನು ಮೇಲೆತ್ತಿದಳು, ಎಲ್ಲರಿಗೂ ಕಾಣುವಂತೆ. ದನಿ ನಿಲ್ಲಲಿಲ್ಲ. ಯಾರೂ ಮುಟ್ಟದೆ ಪರದೆಯ ಮೇಲಿನ ಗುಂಡಿ ತಾನಾಗಿ ಸರಿಯಿತು, ಏರಿತು, ಒಂದಿಷ್ಟು ತಡೆದು ಮತ್ತೆ ಏರಿತು. ನಾದಸ್ವರ ಓಣಿಯ ಹೆಂಚುಗಳನ್ನು ದಾಟಿ ಎದ್ದಿತು. ಮೇಲಿನ ಸ್ವರ ಬರುವುದಿತ್ತು. ಮಂಜುಳಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಅಗೋ" ಎಂದಳು. "ಕದ್ರು."

ಮಹಾದೇವಯ್ಯನಿಗೆ ಅದು ತಿಳಿಯಲಿಲ್ಲ. ಆದರೂ ಅವನ ಬೆರಳುಗಳು ಮೊಣಕಾಲಿನ ಮೇಲೆ ತಾಳ ಹಾಕತೊಡಗಿದ್ದವು.

ಓಣಿಯ ತುದಿಯಲ್ಲಿ ಜೀಪು ನಿಂತಿತು. ಲಕ್ಷ್ಮೀಕಾಂತ್ ಓಡಿ ಬಂದ. ರೇಷ್ಮೆ ಪಂಚೆ, ಹಣೆಯಲ್ಲಿ ಕುಂಕುಮ, ತಲೆಗೂದಲಲ್ಲಿ ಮದುವೆಮನೆಯ ಅಕ್ಷತೆ ಇನ್ನೂ ಸಿಕ್ಕಿಕೊಂಡಿತ್ತು. ಅಪ್ಪನ ಕಾಲು ಹಿಡಿದು ಅತ್ತ. ಆಮೇಲೆ ದನಿ ಎಲ್ಲಿಂದ ಬರುತ್ತಿದೆ ಎಂದು ತಿರುಗಿ ನೋಡಿದ. ಹೆಗಲಿನ ಚೀಲ ಬಿಚ್ಚಿ ವಾದ್ಯ ಹೊರತೆಗೆದ.

"ಅವ್ವ, ಆ ಮಿಷನ್ ನಿಲ್ಸೋಕೇಳು. ಅಪ್ಪಂಗೆ ನಾನು ನುಡಿಸ್ತೀನಿ."

ಮಂಜುಳಮ್ಮ ಅವನತ್ತ ನೋಡಲಿಲ್ಲ. ಅವಳ ಕಣ್ಣು ಪರದೆಯ ಮೇಲೆ ತಾನಾಗಿ ಏರಿಳಿಯುತ್ತಿದ್ದ ಗುಂಡಿಯಲ್ಲಿತ್ತು.

"ಬ್ಯಾಡ."

"ಅವ್ವ, ನಾನು ಮಗ ಕಣವ್ವ..."

"ಬ್ಯಾಡ ಅಂದ್ನಲ್ಲ. ನಿಮ್ಮಪ್ಪಂದು ಇನ್ನೂ ಮುಗ್ದಿಲ್ಲ."