ಮುಂದಿನ ಕಾರಿನ ರೇಡಿಯೊ

ಹಳೇ ಕಾರುಗಳ ನಮ್ಮ ಸಂಘದಲ್ಲಿ ನನಗೊಂದು ಹೆಸರಿದೆ, ರೇಡಿಯೊ. ಎದುರಿಗೆ ‘ರೇಡಿಯೊ ಅಕ್ಕ’ ಅನ್ನುತ್ತಾರೆ, ಬೆನ್ನ ಹಿಂದೆ ಅಕ್ಕನನ್ನು ಕೈಬಿಡುತ್ತಾರೆ. ಕಾರು ಹತ್ತಿದ ಗಳಿಗೆಯಿಂದ ಇಳಿಯುವ ತನಕ ನನ್ನ ಬಾಯಿಗೆ ಬಿಡುವಿಲ್ಲ ಎಂಬುದು ಅವರ ದೂರು. ದೂರಿನಲ್ಲಿ ಸುಳ್ಳೇನಿಲ್ಲ. ಆ ಕಾಲದ ಕಾರುಗಳಿಗೆ ಏಸಿ ಎಲ್ಲಿಂದ ಬರಬೇಕು? ಕಿಟಕಿಗಳು ತೆರೆದೇ ಇರುತ್ತವೆ, ನನ್ನ ಪ್ರಸಾರ ಹಿಂದಿನ ಕಾರಿನವರಿಗೂ ಕೇಳುತ್ತದೆ.

“ಎಡಗಡೆ ಸೈಕಲ್ ಬಂತು ನೋಡಿ, ಪಾಪ, ಎಷ್ಟು ಭಾರ ಹೇರ್ಕೊಂಡಿದಾನೆ. ಬಲಗಡೆ ಲಾರಿ, ಬಂತು ಬಂತು, ಹಾಂ, ಹೋಯ್ತು. ಅಯ್ಯೋ, ಆ ನಾಯಿಗೆ ದಾಟೋ ಮನಸ್ಸಿದ್ಯೋ ಇಲ್ವೋ ಅದಕ್ಕೇ ಗೊತ್ತಿಲ್ಲ!”

ಕೇಳಿದವರಿಗೆ ಇದು ಹರಟೆ. ನಮ್ಮವರು ಮಾತ್ರ ಈ ಹರಟೆಯನ್ನು ನಂಬಿಕೊಂಡೇ ಕಾರು ಓಡಿಸುತ್ತಿದ್ದರು. ಅವರಿಗೆ ನೇರ ಎದುರಿಗಿರುವುದು ಚೆನ್ನಾಗಿ ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ.

ನಮ್ಮದು ಗಡಿಯಾರ ರಿಪೇರಿ ಅಂಗಡಿ. ಅವರು ಒಳಗೆ ಕೂತು ಕೆಲಸ ಮಾಡಿದರೆ ನಾನು ಮುಂದೆ ನಿಂತು ಗಿರಾಕಿಗಳ ಹತ್ತಿರ ಮಾತಾಡುವವಳು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗೋಲಿಯಷ್ಟಗಲದ ಜಗತ್ತು ನೋಡುತ್ತಲೇ ವಯಸ್ಸು ಕಳೆದವರಿಗೆ ಪಕ್ಕದ ನೋಟ ಯಾವಾಗ ಜಾರಿಹೋಯಿತೋ ತಿಳಿಯಲೇ ಇಲ್ಲ. ತಿಳಿದದ್ದು ನನಗೆ, ಪಕ್ಕದಲ್ಲಿಟ್ಟ ಟೀ ಲೋಟ ದಿನಾ ಅವರ ಮೊಣಕೈ ತಗುಲಿ ಉರುಳತೊಡಗಿದಾಗ. ಜಗಳವಾಡಿ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ, ಕಾರು ಓಡಿಸುವುದನ್ನು ಬಿಡಿ ಎಂದರು ಡಾಕ್ಟರು. ನಮ್ಮವರು ಮನೆಗೆ ಬಂದು ಕಣ್ಣಿನ ಹನಿಯ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟರು. ಆ ವಿಷಯವನ್ನೂ ಅದರ ಪಕ್ಕದಲ್ಲೇ ಇಟ್ಟು ಬಾಗಿಲು ಹಾಕಿದರು.

ಆಮೇಲೆ ಶುರುವಾದದ್ದು ನನ್ನ ಪ್ರಸಾರ. ಅದನ್ನು ಯಾಕೆ ಮಾಡುತ್ತೇನೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ದಿನ ನಾನು ಕೆಮ್ಮಿನಿಂದ ಮಾತು ನಿಲ್ಲಿಸಿದರೆ ಕಾರು ತಾನಾಗಿ ನಿಧಾನವಾಯಿತು.

ಈ ವರ್ಷದ ಸಮಾವೇಶದಲ್ಲಿ ಮೆರವಣಿಗೆಯ ಮುಂದಿನ ಕಾರು ನಮ್ಮದೇ ಎಂದು ಸುದ್ದಿ ಬಂತು. ಅದಕ್ಕಾಗಿ ಅವರು ವರ್ಷಗಳಿಂದ ಕಾಯುತ್ತಿದ್ದರು. ನಾನು ಫ್ರಿಜ್ಜಿನಿಂದ ಹನಿಯ ಬಾಟಲಿ ತೆಗೆದು ಅವರ ಮುಂದಿಟ್ಟೆ.

“ಇದೊಂದು ಸಲ ಕಣೆ. ಇದಾದ್ಮೇಲೆ ಕೀ ನಿನ್ನ ಕೈಗೆ,” ಎಂದರು.

“ನಾನು ಪಕ್ಕದಲ್ಲಿರ್ತೀನಿ ಅಂದ್ರೆ ಮಾತ್ರ.”

“ನೀನಿಲ್ದೆ ಇನ್ಯಾರು ಇರ್ತಾರೆ?”

ಅಲ್ಲಿಗೆ ನಾನು ಒಪ್ಪಿದೆ. ಒಪ್ಪಬಾರದಿತ್ತು, ಗೊತ್ತು. ಆದರೆ ಅವರು ಆ ವಾರವೆಲ್ಲ ಬೆಣ್ಣೆ ಬಣ್ಣದ ಆ ಕಾರನ್ನು ಒರೆಸಿದ್ದೇ ಒರೆಸಿದ್ದು. ಅಂಥ ಮನುಷ್ಯನಿಗೆ ಬೇಡ ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ.

ಸಮಾವೇಶದ ದಿನ ಬೆಳಿಗ್ಗೆ ಮೈದಾನದ ತುಂಬ ಕಾರುಗಳು. ಎಲ್ಲ ಬಾನೆಟ್ಟುಗಳೂ ಮೇಲೆ, ಎಲ್ಲ ಗಂಡಸರ ತಲೆಗಳೂ ಬಾನೆಟ್ಟಿನ ಒಳಗೆ. ಪೆಟ್ರೋಲಿನ ವಾಸನೆ, ಪಾಲಿಶಿನ ವಾಸನೆ, ಯಾರದೋ ಕಾರು ಕೆಮ್ಮಿ ಕೆಮ್ಮಿ ಸುಮ್ಮನಾಗುವ ಸದ್ದು. ನನಗೆ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಒಮ್ಮೆ ಗೇಟಿನ ತನಕ ಹೋಗಿ ರಸ್ತೆ ನೋಡಿ ಬಂದೆ, ಇನ್ನೊಮ್ಮೆ ನಮ್ಮ ಕಾರಿನ ಪಕ್ಕದ ಕನ್ನಡಿ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಹೊರಡುವ ಹೊತ್ತಿಗೆ ಸಂಘದ ಅಧ್ಯಕ್ಷರು ಬಾವುಟ ಹಿಡಿದು ಬಂದರು. ಇವರು ಹಲ್ಲಿನ ಡಾಕ್ಟರು. ತಾವು ಮಾತಾಡುವಾಗ ಎದುರಿನವರು ಬಾಯಿ ತೆರೆದು ಸುಮ್ಮನಿರಬೇಕು ಎಂಬ ಅಭ್ಯಾಸದವರು.

“ಈ ವರ್ಷದಿಂದ ಮುಂದಿನ ಕಾರಲ್ಲಿ ಅಧ್ಯಕ್ಷರು ಕೂರ್ಬೇಕು ಅಂತ ತೀರ್ಮಾನ ಆಗಿದೆ, ಅಕ್ಕ. ಹಿಂದಿನ ಸೀಟಲ್ಲಿ ಬಹುಮಾನದ ಪೆಟ್ಟಿಗೆಗಳಿವೆ. ನೀವು ಕೊನೇ ಕಾರಲ್ಲಿ ಬೇಕರಿಯವರ ಜೊತೆ ಬನ್ನಿ. ಒಂದು ದಿನ ಅಣ್ಣನ ಕಿವಿಗೆ ರಜೆ ಕೊಡಿ!”

ಸುತ್ತ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಮ್ಮವರ ಮುಖ ನೋಡಿದೆ. ಈಗ ಹೇಳುತ್ತಾರೆ, ಇಲ್ಲ, ಇವಳು ನನ್ನ ಪಕ್ಕದಲ್ಲೇ ಕೂರಬೇಕು ಎಂದು ಹೇಳುತ್ತಾರೆ ಅಂದುಕೊಂಡೆ.

ಅವರೂ ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಯಾರ ಮಾನ ಕಾಯಲು ವಾಚಾಳಿ ಅನ್ನಿಸಿಕೊಂಡೆನೋ ಅವರೇ ನಗುವವರ ಸಾಲಿನಲ್ಲಿ ನಿಂತಿದ್ದರು. ನಿಜ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಹಾಗೇ ಓಡಿಸಲಿ, ಗೊತ್ತಾಗಲಿ ಎಂದು ಬ್ಯಾಗು ಎತ್ತಿಕೊಂಡು ದುಡುದುಡು ಕೊನೆಯ ಕಾರಿನತ್ತ ನಡೆದೆ.

ಬೇಕರಿಯವರ ಕಾರು ಗೇಟು ದಾಟುವ ಹೊತ್ತಿಗೆ ಸಿಟ್ಟೆಲ್ಲ ಇಳಿದು ಭಯ ಹತ್ತಿತ್ತು. ನನ್ನ ಮುಂದೆ ಕಾರುಗಳ ಉದ್ದ ಸಾಲು. ನಮ್ಮ ಕಾರು ಆಗಲೇ ತಿರುವಿನಾಚೆ ಮರೆಯಾಗಿತ್ತು. ಎಡಗಡೆಯ ಗಲ್ಲಿಯಿಂದ ಒಬ್ಬ ಸೈಕಲ್ಲಿನಲ್ಲಿ ಬಂದ. “ಎಡಗಡೆ ಸೈಕಲ್!” ಎಂದು ಕೂಗಿಯೇಬಿಟ್ಟೆ.

“ಕಾಣಿಸ್ತು, ಅಕ್ಕ,” ಎಂದರು ಬೇಕರಿಯವರು. ಒಳ್ಳೆಯ ಮನುಷ್ಯ, ಬೆಳಗಿನ ಬನ್ನುಗಳನ್ನು ಒಲೆಗೆ ಹಾಕಿಯೇ ಬಂದವರು. “ಬನ್ ತಗೊಳ್ಳಿ, ಬಿಸಿ ಇದೆ.”

ಬನ್ನು ಕೈಯಲ್ಲೇ ಪುಡಿಯಾಯಿತು. ಕಾಲು ತಾನಾಗಿ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ನಮ್ಮವರಿಗೆ ಫೋನು ಮಾಡಿದೆ, ಎತ್ತಲಿಲ್ಲ. ಅಧ್ಯಕ್ಷರಿಗೆ ಮಾಡಿದೆ.

“ಅಕ್ಕ, ಅಲ್ಲಿಂದಲೂ ಪ್ರಸಾರನಾ!” ಎಂದು ನಕ್ಕು ಇಟ್ಟುಬಿಟ್ಟರು.

ಮುಂದೆ ಮಾರುಕಟ್ಟೆ ರಸ್ತೆ. ಅಲ್ಲಿ ಜನ ಪಕ್ಕದಿಂದಲೇ ನುಗ್ಗುವುದು, ತಳ್ಳುಗಾಡಿಗಳು, ಶಾಲೆಗೆ ಹೋಗುವ ಮಕ್ಕಳು.

“ಓವರ್‌ಟೇಕ್ ಮಾಡಿ. ಮುಂದೆ ಹೋಗ್ಬೇಕು.”

“ಕೊನೇ ಕಾರು ಕೊನೇಲೇ ಇರ್ಬೇಕು ಅಕ್ಕ. ಕೆಟ್ಟು ನಿಂತವರನ್ನ ಎತ್ತಿಕೊಳ್ಳೋದು ಯಾರು? ಏನು ಅವಸರ?”

“ಅವರಿಗೆ ಪಕ್ಕ ಕಾಣಲ್ಲ!” ಎಂದೆ. “ನಮ್ಮವರಿಗೆ. ಎದುರಿಗೆ ಒಂದಿಷ್ಟು ಬಿಟ್ರೆ ಏನೂ ಕಾಣಲ್ಲ. ನಾನು ಹೇಳ್ತಿದ್ದೆ, ಅವರು ಓಡಿಸ್ತಿದ್ರು.”

ಬೇಕರಿಯವರು ನನ್ನನ್ನು ನೋಡಿದರು. ಹಾರ್ನಿನ ಮೇಲೆ ಕೈಯಿಟ್ಟು ಕಾರನ್ನು ಬಲಕ್ಕೆ ತೆಗೆದರು. ಹಾರ್ನು ಕೇಳಿದ ಮುಂದಿನವರು ಇದೇನೋ ಸಂಭ್ರಮ ಎಂದುಕೊಂಡು ತಾವೂ ಹಾರ್ನು ಹೊಡೆದರು. ಅವರ ಮುಂದಿನವರೂ ಹೊಡೆದರು. ಕೆಲವರು ಕಿಟಕಿಯಿಂದ ಕೈಬೀಸಿದರು. ಊರಿಗೆಲ್ಲ ಕೇಳುವಂಥ ಆ ಗದ್ದಲದಲ್ಲಿ ನಾನು ಕಿರುಚಿದ್ದು ಯಾರಿಗೂ ಕೇಳಲಿಲ್ಲ.

ಆಗ ಮುಂದಿನ ಕಾರುಗಳ ಕೆಂಪು ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಸಾಲು ನಿಂತಿತು.

ಬಾಗಿಲು ತೆಗೆದು ಓಡಿದೆ. ಓಡುವ ವಯಸ್ಸಲ್ಲ ನನ್ನದು, ಆದರೂ ಓಡಿದೆ. ಕಾರುಗಳ ಬಾಗಿಲು ತೆಗೆದು ಜನ ಇಳಿಯುತ್ತಿದ್ದರು, ಏನಾಯ್ತು ಏನಾಯ್ತು ಅನ್ನುತ್ತಿದ್ದರು. ಯಾರಿಗೆ ಬಡಿಯಿತೋ, ಯಾವ ಮಗುವೋ ಎಂದು ನನ್ನ ತಲೆಯಲ್ಲಿ ಒಂದೇ ಸಮ ಓಡುತ್ತಿತ್ತು.

ಮಾರುಕಟ್ಟೆ ರಸ್ತೆಯ ಬಾಯಲ್ಲಿ ನಮ್ಮ ಕಾರು ಅಂಚಿಗೆ ನೆಟ್ಟಗೆ ನಿಂತಿತ್ತು. ಅದಕ್ಕೆ ಒಂದು ಗೀರೂ ಇರಲಿಲ್ಲ. ಅಧ್ಯಕ್ಷರು ಬಾವುಟ ಹಿಡಿದು ಕೆಳಗಿಳಿದು ಪೆಚ್ಚಾಗಿ ನಿಂತಿದ್ದರು. ನಮ್ಮವರು ಸಾಲಿನುದ್ದಕ್ಕೂ ಒಂದೊಂದು ಬಾನೆಟ್ಟಿನ ಮೇಲೆ ಕೈಯಾಡಿಸುತ್ತ, ಮುಖವನ್ನು ಅತ್ತ ಇತ್ತ ತಿರುಗಿಸುತ್ತ ನನ್ನ ಕಡೆಗೇ ಬರುತ್ತಿದ್ದರು. ನಾನು ಪಕ್ಕಕ್ಕೆ ಬಂದು ನಿಂತರೂ ಕಾಣಲಿಲ್ಲ, ಹೆಜ್ಜೆ ಮುಂದಿಟ್ಟರು. ತೋಳು ಹಿಡಿದೆ.

“ಇಲ್ಲಿದೀನಿ ರೀ. ಯಾರಿಗಾದ್ರೂ ತಗಲ್ತಾ?”

“ಇಲ್ಲ ಕಣೆ. ತಗಲೋಕೆ ಮುಂಚೆ ನಿಲ್ಸಿದೆ.” ಉಸಿರು ಎಳೆದುಕೊಂಡರು. “ಎಡಗಡೆ ಏನಿದೆ ಅಂತ ಅಧ್ಯಕ್ಷರನ್ನ ಕೇಳ್ದೆ. ಏನಿರುತ್ತೆ, ರಸ್ತೆ ಇದೆ ಅಂದ್ರು. ನನಗೆ ಕೈಕಾಲೇ ಆಡ್ಲಿಲ್ಲ.”

ಅಷ್ಟರಲ್ಲಿ ಎಲ್ಲರೂ ಸುತ್ತುವರಿದಿದ್ದರು. ಅಧ್ಯಕ್ಷರು, “ಏನಣ್ಣ ಇದು, ಕಾರಿಗೆ ಏನಾಗಿದೆ?” ಎಂದು ಕೇಳಿದರು.

“ಕಾರಿಗೆ ಏನೂ ಆಗಿಲ್ಲ. ನನ್ನ ಕಣ್ಣು ಹೋಗಿದೆ,” ಎಂದರು ನಮ್ಮವರು. ಧ್ವನಿ ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು. “ಪಕ್ಕದ್ದು ಯಾವುದೂ ಕಾಣಲ್ಲ. ಇವಳು ಹೇಳ್ತಿದ್ಲು, ನಾನು ಓಡಿಸ್ತಿದ್ದೆ. ನೀವೆಲ್ಲ ರೇಡಿಯೊ ಅಂತ ನಕ್ಕಿದ್ರಲ್ಲ, ಅದು ಇದೇ. ನಾನೂ ನಕ್ಕೆ. ನಾನು ನಗಬಾರದಿತ್ತು.”

ಹಿಂದೆಲ್ಲೋ ದೂರದವರು ಇನ್ನೂ ಹಾರ್ನು ಹೊಡೆಯುತ್ತಲೇ ಇದ್ದರು.

ಅವರು ಕೀಯನ್ನು ನನ್ನ ಅಂಗೈಯಲ್ಲಿಟ್ಟರು. ಮಗಳ ಪುಟ್ಟ ಕಾರನ್ನು ನಾನು ದಿನಾ ಓಡಿಸುತ್ತೇನೆ. ಈ ಕಾರನ್ನು ಮಾತ್ರ ಅವರು ಒಮ್ಮೆಯೂ ಮುಟ್ಟಗೊಟ್ಟಿರಲಿಲ್ಲ, ‘ಇದಕ್ಕೆ ನನ್ನ ಕೈ ಮಾತ್ರ ಗೊತ್ತು’ ಅನ್ನುತ್ತಿದ್ದರು. ಅಧ್ಯಕ್ಷರು ಬಾವುಟ ಸುತ್ತಿಕೊಂಡು ಬೇಕರಿಯವರ ಕಾರಿನತ್ತ ನಡೆದರು.

ಸ್ಟಿಯರಿಂಗ್ ಹಿಂದೆ ಕೂತೆ. ಗೇರಿನ ಕೋಲು ಸ್ಟಿಯರಿಂಗಿನ ಪಕ್ಕದಲ್ಲೇ ಇತ್ತು. “ನಿನ್ನ ಕಡೆ ಎಳ್ಕೊಂಡು ಕೆಳಗೆ. ಮೆಲ್ಲಗೆ,” ಎಂದರು. ಕಾರು ಒಮ್ಮೆ ಜಿಗಿದು ನಿಂತಿತು, ಎರಡನೇ ಸಲ ಹೊರಟಿತು. ಹಿಂದಿನ ಸಾಲೆಲ್ಲ ನನ್ನ ಹಿಂದೆ ಬಂತು.

ಮಾರುಕಟ್ಟೆ ದಾಟಿ ಬಯಲಿಗೆ ಬಂದೆವು. ನಾನು ತುಟಿ ಬಿಚ್ಚಿರಲಿಲ್ಲ. ಅವರು ಸೀಟಿನಲ್ಲಿ ಆಚೆ ಈಚೆ ಸರಿದರು, ಕಿಟಕಿಯ ಹಿಡಿ ತಿರುಗಿಸಿದರು, ಗಂಟಲು ಸರಿಮಾಡಿಕೊಂಡರು.

“ಏನೇ, ರೇಡಿಯೊ ಕೆಟ್ಟೋಯ್ತಾ?”

“ಓಡಿಸ್ತಿರೋಳು ನಾನು. ನನಗೆ ಎಲ್ಲಾ ಕಾಣುತ್ತೆ. ಯಾರಿಗೆ ಹೇಳ್ಲಿ?”

ಬೆಳಗಿನ ಅವರ ನಗು ಇನ್ನೂ ನನ್ನ ಎದೆಯಲ್ಲಿ ಚುಚ್ಚುತ್ತಿತ್ತು. ಅದನ್ನು ನಾನು ಮರೆತಿಲ್ಲ, ಇವತ್ತಿಗೂ ಮರೆತಿಲ್ಲ. ಅವರು ಕಿಟಕಿಯ ಕಡೆ ಮುಖ ತಿರುಗಿಸಿ ಮತ್ತೆ ನನ್ನ ಕಡೆ ತಿರುಗಿದರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು:

“ನನಗೆ ಕಾಣಲ್ವಲ್ಲೇ.”

ನಾನು ಮೂರನೇ ಗೇರಿಗೆ ಹಾಕಿದೆ. ಅದು ಸದ್ದಿಲ್ಲದೆ ಕೂತಿತು.

“ಎಡಗಡೆ ಒಂದು ಮನೆ ಇದೆ,” ಎಂದೆ. “ತಾರಸಿ ಮೇಲೆ ಒಬ್ಬಳು ಬೆಡ್‌ಶೀಟ್ ಒಣಗಿಸ್ತಿದಾಳೆ. ನೀಲಿ ಬೆಡ್‌ಶೀಟು. ಗಾಳಿ ಬಿಡ್ತಿಲ್ಲ ಅವಳನ್ನ.”

“ಹೂಂ,” ಎಂದರು. “ಬಲಗಡೆ?”